ಪಕ್ಕದಲ್ಲಿ ಕೂತ ಪಿಟೀಲು: ಚೌಡಯ್ಯನವರ ಬದುಕು ಮತ್ತು ಪಾಠ

(ನ್ಯೂಜಿಲೆಂಡಿನ ಪಾಪಕುರಾದ ಕನ್ನಡ ಕುಟುಂಬಗಳ ಮುಂದೆ ನೀಡಿದ ದತ್ತಿ ಉಪನ್ಯಾಸದ ಅಚ್ಚಿನ ರೂಪ)

ಚೌಡಯ್ಯ ಅಂದರೆ, ಬೆಂಗಳೂರು ಬಿಟ್ಟು ಬಂದು ಪಾಪಕುರಾದಲ್ಲಿ ಮನೆ ಮಾಡಿಕೊಂಡವರಿಗೆ ಮೊದಲು ನೆನಪಾಗುವುದು ಒಂದು ಕಟ್ಟಡ. ಗಾಯತ್ರಿದೇವಿ ಪಾರ್ಕ್ ಬಡಾವಣೆಯ ಚೌಡಯ್ಯ ಮೆಮೋರಿಯಲ್ ಹಾಲ್, ಪಿಟೀಲಿನ ಆಕಾರದ್ದು. ಕೆ.ಕೆ. ಮೂರ್ತಿಯವರು ಅಕಾಡೆಮಿ ಆಫ್ ಮ್ಯೂಸಿಕ್ ಮೂಲಕ ಕಟ್ಟಿಸಿದ್ದು. 1980ರಲ್ಲಿ ಬಾಗಿಲು ತೆರೆಯಿತು. ತಂತಿ, ಬಿರಡೆ, ಕುದುರೆ, ಕಮಾನು ಒಂದನ್ನೂ ಬಿಟ್ಟಿಲ್ಲ. ಅಲ್ಲಿ ನಾಟಕ ನೋಡಿದವರು, ಸುಗಮ ಸಂಗೀತ ಕೇಳಿದವರು, ಮಕ್ಕಳ ಶಾಲಾ ವಾರ್ಷಿಕೋತ್ಸವಕ್ಕೆ ಹೋಗಿ ಮೊದಲ ಸಾಲಿನ ಸೀಟಿಗಾಗಿ ಅಕ್ಕಪಕ್ಕದವರ ಜೊತೆ ಮುಖ ಕೆಡಿಸಿಕೊಂಡವರು ಈ ಸಭೆಯಲ್ಲೂ ಇರಬಹುದು. ಆ ಹಾಲಿನ ಹೆಸರು ಹೊತ್ತ ಮನುಷ್ಯ ಮಾತ್ರ ಜೀವಮಾನದ ಹೆಚ್ಚಿನ ಕಚೇರಿಗಳಲ್ಲಿ ವೇದಿಕೆಯ ನಡುವೆ ಕೂತವರಲ್ಲ. ಗಾಯಕನ ಪಕ್ಕದಲ್ಲಿ ಕೂತವರು.

ಎರಡನೆಯದಾಗಿ ನೆನಪಾಗುವುದು ಅವರ ಪಿಟೀಲಿನ ಏಳು ತಂತಿ. ಪಠ್ಯಪುಸ್ತಕದ ಪ್ರಶ್ನೆಗೆ ಅದೇ ಉತ್ತರ, ಕ್ವಿಜ್ಜಿಗೂ ಅದೇ. ಆ ಏಳು ತಂತಿ ಇವತ್ತು ಹೆಚ್ಚು ಕಡಿಮೆ ಕಣ್ಮರೆಯಾಗಿದೆ. ಉಳಿದುಕೊಂಡು ಬಂದಿರುವುದು ಬೇರೆ ಒಂದು. ಅದನ್ನು ಕಟ್ಟಡವಾಗಿ ಕಟ್ಟಲಾಗದು, ಪ್ರಶ್ನೆಪತ್ರಿಕೆಯಲ್ಲಿ ಕೇಳಲೂ ಆಗದು. ಈ ಉಪನ್ಯಾಸ ಅದರ ಬಗ್ಗೆ.

ತಿರುಮಕೂಡಲು ಚೌಡಯ್ಯ ಹುಟ್ಟಿದ್ದು 1895ರಲ್ಲಿ, ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ ಅಂಟಿಕೊಂಡ ತಿರುಮಕೂಡಲಿನಲ್ಲಿ. ತಂದೆ ಅಗಸ್ತ್ಯೇಗೌಡರು, ತಾಯಿ ಸುಂದರಮ್ಮ. ಕಾವೇರಿಯೂ ಕಪಿಲೆಯೂ ಕೂಡುವ ಜಾಗ ಅದು. ಸ್ಫಟಿಕ ಸರೋವರ ಗುಪ್ತವಾಗಿ ಬಂದು ಸೇರುತ್ತದೆಂಬ ನಂಬಿಕೆಯಿಂದ ತ್ರಿವೇಣಿ ಸಂಗಮ ಅನಿಸಿಕೊಂಡಿದೆ. ದಂಡೆಯ ಮೇಲೆ ಅಗಸ್ತ್ಯೇಶ್ವರನ ಗುಡಿ. 1989ರಿಂದ ಈಚೆಗೆ ಅಲ್ಲಿ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುತ್ತದೆ. ಚೌಡಯ್ಯನವರ ಬಾಲ್ಯದ ತಿರುಮಕೂಡಲು ಅಂಥ ಜಂಗುಳಿ ಕಂಡಿರಲಿಲ್ಲ. ಊರನ್ನು ಅವರು ಕೊನೆಯವರೆಗೂ ಬಿಟ್ಟುಕೊಡಲಿಲ್ಲ. ಮುಂದೆ ತಾವೇ ಕೃತಿಗಳನ್ನು ರಚಿಸಿದಾಗ ಹಾಕಿಕೊಂಡ ಅಂಕಿತ ‘ತ್ರಿಮಕುಟ’.

1910ರಲ್ಲಿ ಹುಡುಗ ಮೈಸೂರಿಗೆ ಬಂದು ಬಿಡಾರಂ ಕೃಷ್ಣಪ್ಪನವರ ಶಿಷ್ಯನಾದ. ಕೃಷ್ಣಪ್ಪನವರು ಹುಟ್ಟಿದ್ದು ಕರಾವಳಿಯ ನಂದಳಿಕೆಯಲ್ಲಿ, 1866ರಲ್ಲಿ. ಮನೆಮಾತು ಕೊಂಕಣಿ, ಹೆಸರಾದದ್ದು ಮೈಸೂರಿನಲ್ಲಿ. ಅರಮನೆಯ ವಿದ್ವಾಂಸರು. ಮದರಾಸಿನ ಕಚೇರಿಗಳಲ್ಲಿ ಕನ್ನಡ ದಾಸರ ಪದಗಳನ್ನು ಅಂಜಿಕೆಯಿಲ್ಲದೆ ಹಾಡಿ ಮನ್ನಣೆ ಪಡೆದವರು. ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿದವರು. ಅಲ್ಲಿನ ರಾಮೋತ್ಸವದ ಕಚೇರಿಗಳಲ್ಲಿ ಹಾಡುವುದೆಂದರೆ ದೊಡ್ಡ ವಿದ್ವಾಂಸರಿಗೂ ಒಂದು ಪರೀಕ್ಷೆ.

ಇಲ್ಲಿ ಒಂದು ಸಂಗತಿಯನ್ನು ನಿಂತು ನೋಡಬೇಕು. ಗುರು ಹಾಡುಗಾರ, ಶಿಷ್ಯ ಕಲಿಯಬೇಕಾದದ್ದು ಪಿಟೀಲು. ಇದು ಕೊರತೆಯಂತೆ ಕಾಣಬಹುದು. ಕರ್ನಾಟಕ ಸಂಗೀತದಲ್ಲಿ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಗುರು ಒಂದು ಸಂಗತಿ ಹಾಡುತ್ತಾರೆ, ಬೆರಳು ಎಲ್ಲಿಡಬೇಕು ಅಂತ ಹೇಳುವುದಿಲ್ಲ. ಆ ಗಮಕ ಗಂಟಲಿನಲ್ಲಿ ಎಲ್ಲಿಂದ ಎದ್ದು ಎಲ್ಲಿ ಕೂತಿತು ಅನ್ನುವುದನ್ನು ಕಿವಿಯಿಂದ ಹಿಡಿದು, ಎಡಗೈಯ ಎರಡು ಬೆರಳುಗಳಿಗೆ ಒಪ್ಪಿಸುವ ಕೆಲಸ ಶಿಷ್ಯನದು. ಸಾಹಿತ್ಯದ ಅಕ್ಷರ ಎಲ್ಲಿ ಬೀಳುತ್ತದೋ ಅಲ್ಲಿ ಕಮಾನು ತಿರುಗಬೇಕು. ಇಲ್ಲದಿದ್ದರೆ ಪದ ಮುರಿಯುತ್ತದೆ. ಎಂಟು ವರ್ಷ ಹೀಗೆ ಕಲಿತವನಿಗೆ ಪಿಟೀಲು ಮರದ ವಾದ್ಯವಾಗಿ ಉಳಿಯುವುದಿಲ್ಲ, ಎರಡನೇ ಗಂಟಲಾಗುತ್ತದೆ. 1918ರವರೆಗಿನ ಆ ಗುರುಕುಲವಾಸದ ಬಗ್ಗೆ ಮೈಸೂರಿನಲ್ಲಿ ಕಥೆಗಳಿಗೆ ಬರವಿಲ್ಲ: ನಸುಕಿಗೆ ಮೊದಲೇ ಏಳಿಸುತ್ತಿದ್ದರಂತೆ, ಒಂದೇ ವರ್ಣವನ್ನು ತಿಂಗಳುಗಟ್ಟಲೆ ನುಡಿಸಲು ಹಚ್ಚುತ್ತಿದ್ದರಂತೆ. ಅಂಥ ಕಥೆಗಳಲ್ಲಿ ಅರ್ಧವನ್ನು ಭಕ್ತಿಯ ಲೆಕ್ಕಕ್ಕೆ ಬರೆದರೂ, ಮಿಕ್ಕ ಅರ್ಧ ಸಾಕು.

ಪಿಟೀಲು ಆಗ ನಮ್ಮ ಸಂಗೀತಕ್ಕೆ ಹಳೆಯದೇನೂ ಅಲ್ಲ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಯುರೋಪಿಯನ್ ವಾದಕರಿಂದ ಕಲಿತು ಅದನ್ನು ಒಳಗೆ ತಂದರು. ತಂಜಾವೂರಿನ ನಾಲ್ವರು ಸಹೋದರರಲ್ಲಿ ಒಬ್ಬರಾದ ವಡಿವೇಲು ಅವರಿಗೆ ತಿರುವಾಂಕೂರಿನ ಸ್ವಾತಿ ತಿರುನಾಳ್ ಮಹಾರಾಜರು 1834ರಲ್ಲಿ ದಂತದ ಪಿಟೀಲು ಕೊಟ್ಟರು. ಮುಂದಿನ ನೂರು ವರ್ಷದೊಳಗೆ ಪಿಟೀಲಿಲ್ಲದ ಕಚೇರಿ ಊಹಿಸಲಾಗದ ಸ್ಥಿತಿ ಬಂತು. ಗಲ್ಲಕ್ಕೆ ಒತ್ತಿ ನಿಂತು ನುಡಿಸುವ ವಾದ್ಯ ನೆಲಕ್ಕೆ ಇಳಿಯಿತು. ಚಕ್ಕಳಮಕ್ಕಳ ಕೂತು, ಬಲಗಾಲನ್ನು ಸ್ವಲ್ಪ ಮುಂದೆ ಚಾಚಿ, ಪಿಟೀಲಿನ ಸುರುಳಿ ತಲೆಯನ್ನು ಪಾದದ ಗಿಣ್ಣಿನ ಮೇಲಿಟ್ಟು, ಇನ್ನೊಂದು ತುದಿಯನ್ನು ಎದೆಗೆ ಆನಿಸಿದರೆ ವಾದ್ಯ ಅಲುಗುವುದಿಲ್ಲ. ಎಡಗೈಗೆ ಅದನ್ನು ಹೊರುವ ಭಾರ ತಪ್ಪುತ್ತದೆ. ತಂತಿಯ ಮೇಲೆ ಬೆರಳು ಹಿಂದಕ್ಕೂ ಮುಂದಕ್ಕೂ ಜಾರುತ್ತದೆ. ತೋಡಿಯ ಗಾಂಧಾರ ಅಲ್ಲಾಡಬೇಕಾದಷ್ಟು ಅಲ್ಲಾಡುತ್ತದೆ. ಶ್ರುತಿಯೂ ಬದಲಾಯಿತು: ಪಾಶ್ಚಾತ್ಯರ ನಾಲ್ಕು ಬೇರೆ ಬೇರೆ ಸ್ವರಗಳ ಜಾಗದಲ್ಲಿ ಸ–ಪ–ಸ–ಪ.

ನಾಲ್ಕೈದು ಜನ ಹತ್ತಿರ ಹತ್ತಿರ ಕೂತು, ಕಂಡಕ್ಟರ್ ಇಲ್ಲದೆ, ಒಬ್ಬರನ್ನೊಬ್ಬರು ಕೇಳಿಸಿಕೊಂಡು ನುಡಿಸುವ ಸಂಗೀತಕ್ಕೆ ಯುರೋಪಿನಲ್ಲಿ ಚೇಂಬರ್ ಮ್ಯೂಸಿಕ್ ಅನ್ನುತ್ತಾರೆ. ಅರಮನೆಯ ಕೋಣೆಗಳಲ್ಲಿ ಬೆಳೆದ ಸಂಗೀತ. ಕರ್ನಾಟಕ ಸಂಗೀತದ ಕಚೇರಿಯೂ ಹುಟ್ಟಿನಿಂದ ಅಂಥದ್ದೇ. ದರ್ಬಾರಿನ ಹಜಾರ, ಸಾಹುಕಾರರ ತೊಟ್ಟಿಮನೆ, ರಾಮಮಂದಿರದ ಪ್ರಾಕಾರ, ಮದುವೆ ಚಪ್ಪರ. ಗಾಯಕ, ಪಿಟೀಲು, ಮೃದಂಗ, ತಂಬೂರಿ. ಒಮ್ಮೊಮ್ಮೆ ಘಟವೋ ಖಂಜೀರವೋ. ಮುಂದೆ ಕೂತವರಿಗೆ ಗಾಯಕನ ಉಸಿರೂ ಕೇಳಿಸುತ್ತಿತ್ತು.

ಇಪ್ಪತ್ತನೇ ಶತಮಾನದ ಮೊದಲ ಮೂರು ದಶಕದಲ್ಲಿ ಈ ಕೋಣೆ ಒಡೆಯಿತು. ಸಭೆಗಳು ಹುಟ್ಟಿದವು, ಟಿಕೆಟ್ಟು ಬಂತು, ಸಾವಿರ ಜನ ಸೇರುವ ಪೆಂಡಾಲುಗಳು ಎದ್ದವು. ಮೈಕು ಇನ್ನೂ ಬಂದಿರಲಿಲ್ಲ. ಕೃಷ್ಣಪ್ಪನವರಂಥ ಗಾಯಕರು ಕೊನೆಯ ಸಾಲಿಗೆ ಕೇಳುವ ಹಾಗೆ ಹಾಡುತ್ತಿದ್ದರು. ಪಕ್ಕದ ಪಿಟೀಲು ಐದನೇ ಸಾಲಿಗೆ ಹೋಗುವಷ್ಟರಲ್ಲಿ ಸೋತಿರುತ್ತಿತ್ತು. ಗಾಯಕನ ಆಲಾಪನೆಯಾದ ಮೇಲೆ ಪಿಟೀಲಿನವರು ತಮ್ಮ ಸರದಿ ತೆಗೆದುಕೊಂಡಾಗ ಹಿಂದಿನವರು ವೀಳ್ಯದ ಸಂಚಿ ಬಿಚ್ಚುವುದು ಸಹಜ. ಕೇಳದ್ದಕ್ಕೆ ಕಿವಿ ಕೊಡಿ ಅಂದರೆ ಹೇಗೆ?

1927ರಲ್ಲಿ ಚೌಡಯ್ಯನವರು ಕಂಡುಕೊಂಡ ಉಪಾಯ ಈ ಕಷ್ಟಕ್ಕೆ. ನಾಲ್ಕು ತಂತಿಗಳ ಜೊತೆಗೆ ಇನ್ನೂ ಮೂರು ಸೇರಿಸಿದರು. ಸ್ವರದ ವ್ಯಾಪ್ತಿಯನ್ನು ಹಿಗ್ಗಿಸಲು ಬಂದವಲ್ಲ ಅವು, ನಾದಕ್ಕೆ ಮೈ ತುಂಬಲು ಬಂದ ಜೊತೆ ತಂತಿಗಳು. ಒಂದೇ ಬೆರಳ ಕೆಳಗೆ ಎರಡು ತಂತಿ, ಒಂದೇ ಕಮಾನಿನ ಎಳೆತಕ್ಕೆ ಎರಡೂ ನುಡಿಯಬೇಕು. ಹೇಳುವಷ್ಟು ಸುಲಭದ ಕೆಲಸ ಅಲ್ಲ ಇದು. ಏಳು ತಂತಿಗೆ ಏಳು ಬಿರಡೆ ಬೇಕು, ಅಗಲವಾದ ಕುದುರೆ ಬೇಕು. ಜೋಡಿಯಲ್ಲಿ ಒಂದು ತಂತಿ ಕೂದಲೆಳೆಯಷ್ಟು ಇಳಿದರೂ ಎರಡೂ ಜಗಳ ಆಡುತ್ತವೆ, ನಾದ ಗುಂಯ್‌ಗುಟ್ಟುತ್ತದೆ. ಬೆರಳು ಒಂದನ್ನು ಗಟ್ಟಿಯಾಗಿ, ಇನ್ನೊಂದನ್ನು ಹಗುರಾಗಿ ಒತ್ತಿದರೆ ಅಪಸ್ವರ. ಬಲಗೈ ಕಮಾನಿನ ಮೇಲೆ ಹೆಚ್ಚು ಭಾರ ಹಾಕಬೇಕು, ಹಾಕಿದ್ದು ಕೇಳುಗನಿಗೆ ಗೊತ್ತಾಗಬಾರದು. ತಂತಿ ಸೇರಿಸಿದ್ದಕ್ಕಿಂತ, ಸೇರಿಸಿದ ತಂತಿಗಳನ್ನು ಮೂರು ಗಂಟೆಯ ಕಚೇರಿಯುದ್ದಕ್ಕೂ ಶ್ರುತಿಶುದ್ಧವಾಗಿ ನಡೆಸಿದ್ದು ದೊಡ್ಡ ಸಾಹಸ. ಆ ಕಾಲದ ಕೇಳುಗರಿಗೆ ಅದು ಮೊದಲು ಸಿಕ್ಕಿದ್ದು ಮಂದ್ರದಲ್ಲಿ: ಉದ್ದನೆಯ ಕಮಾನಿನಲ್ಲಿ ಎಳೆದ ಗಂಭೀರ ಷಡ್ಜ.

ಚೌಡಯ್ಯನವರ ಕಾಲ ದಕ್ಷಿಣದ ಪಿಟೀಲಿಗೆ ಸುಗ್ಗಿಯ ಕಾಲ. ದ್ವಾರಂ ವೆಂಕಟಸ್ವಾಮಿ ನಾಯ್ಡು, ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೈ, ಚೌಡಯ್ಯ: ಈ ಮೂವರನ್ನು ಜನ ಒಟ್ಟಿಗೇ ಹೆಸರಿಸುತ್ತಿದ್ದರು. ದ್ವಾರಂ ಅವರು ಆಂಧ್ರದವರೆಂದು ಲೋಕ ಬಲ್ಲದು. ಹುಟ್ಟಿದ್ದು ಬೆಂಗಳೂರಿನಲ್ಲಿ, 1893ರಲ್ಲಿ. ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಗೌರವ ದ್ವಾರಂಗೆ 1941ರಲ್ಲಿ, ಪಿಳ್ಳೈಯವರಿಗೆ 1948ರಲ್ಲಿ, ಚೌಡಯ್ಯನವರಿಗೆ 1957ರಲ್ಲಿ ಬಂತು. ಅದೇ 1957ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿಯೂ. ಮೈಸೂರಿನ ಅರಮನೆ ಅಷ್ಟು ಕಾಯಲಿಲ್ಲ. ‘ಸಂಗೀತರತ್ನ’ ಅನ್ನುವ ಬಿರುದು ಅಲ್ಲಿಂದ ಮೊದಲೇ ಬಂದಿತ್ತು. ದ್ವಾರಂ ಅವರ ಹಾದಿ ಬೇರೆ: ಪಿಟೀಲನ್ನು ನಡುವೆ ಕೂರಿಸಿ ಸೋಲೋ ಕಚೇರಿಯನ್ನು ಪ್ರತಿಷ್ಠಾಪಿಸಿದವರು ಅವರು. 1952ರಲ್ಲಿ ಪಾಶ್ಚಾತ್ಯ ಪಿಟೀಲುವಾದಕ ಯೆಹೂದಿ ಮೆನುಹಿನ್ ಭಾರತಕ್ಕೆ ಬಂದಾಗ ಮದರಾಸಿನ ನ್ಯಾಯಮೂರ್ತಿ ಪಿ.ವಿ. ರಾಜಮನ್ನಾರ್ ಅವರ ಮನೆಯಲ್ಲಿ ದ್ವಾರಂ ಪಿಟೀಲು ಕೇಳಿ ಬೆರಗಾದರು. ನ್ಯೂಜಿಲೆಂಡಿನ ಹಳೆಯ ರಸಿಕರಿಗೂ ಮೆನುಹಿನ್ ಅಪರಿಚಿತರಲ್ಲ. 1935ರ ಲೋಕಸಂಚಾರದಲ್ಲಿ, ಇನ್ನೂ ಹದಿಹರೆಯದಲ್ಲಿದ್ದಾಗಲೇ, ಈ ದೇಶಕ್ಕೂ ಬಂದು ನುಡಿಸಿ ಹೋಗಿದ್ದರು.

ಚೌಡಯ್ಯನವರೂ ಸೋಲೋ ನುಡಿಸಿದರು. ಅವರ ಜೀವ ಇದ್ದದ್ದು ಪಕ್ಕವಾದ್ಯದಲ್ಲಿ.

ಪಕ್ಕವಾದ್ಯ ಅನ್ನುವ ಕೆಲಸವನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ. ಗಾಯಕ ಕೀರ್ತನೆ ಹಾಡುವಾಗ ಪಿಟೀಲಿನವರು ಜೊತೆಗೇ ನುಡಿಸುತ್ತಾರೆ. ಯಾವ ಸಂಗತಿ ಮುಂದೆ ಬರುತ್ತದೆಂದು ಮುಂಚೆ ಹೇಳಿರುವುದಿಲ್ಲ. ಆಲಾಪನೆಯಲ್ಲಿ ಗಾಯಕನ ವಾಕ್ಯ ಮುಗಿಯುವ ತುದಿಯನ್ನು ಹಿಡಿದು ನೆರಳಿನಂತೆ ಹಿಂಬಾಲಿಸಬೇಕು. ಅರೆಕ್ಷಣ ತಡವಾದರೆ ಪ್ರತಿಧ್ವನಿಯಾಗುತ್ತದೆ, ಅರೆಕ್ಷಣ ಮುಂದೆ ಹೋದರೆ ಅಧಿಕಪ್ರಸಂಗವಾಗುತ್ತದೆ. ನೆರವಲಿನಲ್ಲಿ ಸರದಿ ಬಂದಾಗ ಗಾಯಕ ಇಟ್ಟ ಜಾಗದಿಂದಲೇ ಎತ್ತಬೇಕು. ಕಲ್ಪನಾಸ್ವರದಲ್ಲಿ ಗಾಯಕ ಒಂದು ಲೆಕ್ಕಾಚಾರದ ಮುಕ್ತಾಯ ಹಾಕಿದರೆ, ಅದನ್ನು ಒಂದೇ ಸಲ ಕೇಳಿ, ತಾಳ ತಪ್ಪದೆ ಹಿಂದಿರುಗಿಸಬೇಕು. ಗಾಯಕನಿಗಿಂತ ಹೆಚ್ಚು ಗೊತ್ತಿದ್ದರೂ ತೋರಿಸಕೂಡದು. ಗಾಯಕನ ಗಂಟಲು ಸೊರಗಿದ ದಿನ ಹೊರಗೆ ಗೊತ್ತಾಗದ ಹಾಗೆ ಹೊತ್ತುಕೊಂಡು ಹೋಗಬೇಕು. ಮೂರು ಗಂಟೆ ಕಾಲ ಇನ್ನೊಬ್ಬರ ಮನಸ್ಸಿನೊಳಗೆ ಕೂತಿರುವ ಕಲೆ.

ಅರಿಯಕುಡಿ ರಾಮಾನುಜ ಅಯ್ಯಂಗಾರರಿಂದ ಹಿಡಿದು ಜಿ.ಎನ್. ಬಾಲಸುಬ್ರಹ್ಮಣ್ಯಂ ಅವರವರೆಗೆ ಆ ಕಾಲದ ದೊಡ್ಡ ದೊಡ್ಡ ಗಾಯಕರಿಗೆಲ್ಲ ಚೌಡಯ್ಯನವರು ಪಕ್ಕದಲ್ಲಿ ಕೂತರು. ಆದರೆ ಜನರ ಬಾಯಲ್ಲಿ ನಿಂತದ್ದು ಒಂದು ಕೂಟ: ಚೆಂಬೈ ವೈದ್ಯನಾಥ ಭಾಗವತರು, ಚೌಡಯ್ಯ, ಮೃದಂಗಕ್ಕೆ ಪಾಲಘಾಟ್ ಮಣಿ ಅಯ್ಯರ್. ಚೆಂಬೈ ಅವರದು ಕಂಚಿನ ಕಂಠ. ಅದರ ಪಕ್ಕದಲ್ಲಿ ನಾಲ್ಕು ತಂತಿಯ ಸಾಧಾರಣ ಪಿಟೀಲು ಮುಳುಗುವುದು ಖಂಡಿತ. ಏಳು ತಂತಿಯ ಈ ಪಿಟೀಲು ಹೆಗಲಿಗೆ ಹೆಗಲು ಕೊಟ್ಟಿತು. ವೇದಿಕೆ ಇಳಿದ ಮೇಲೂ ಇಬ್ಬರೂ ಆಪ್ತರು. ಮೂವರಲ್ಲಿ ಇಬ್ಬರು ಪಾಲಘಾಟಿನ ಕಡೆಯವರು, ಒಬ್ಬರು ತಿರುಮಕೂಡಲಿನವರು. ಹಾಡಿದ್ದು ಬಹುಪಾಲು ತೆಲುಗು, ಕೇಳಿದ್ದು ತಮಿಳರು. ಯಾರಿಗೂ ಅದು ವಿಶೇಷವಾಗಿ ಕಂಡಿರಲಿಲ್ಲ ಅನ್ನುವುದನ್ನು ಇವತ್ತಿನ ಭಾಷಾ ಜಗಳಗಳ ನಡುವೆ ಒಂದು ಸಲ ಹೇಳಿಬಿಡುವುದು ಒಳ್ಳೆಯದು.

ಚೌಡಯ್ಯನವರಿಗೆ ಹೊಸದರ ಹುಚ್ಚು ಏಳು ತಂತಿಗೇ ನಿಲ್ಲಲಿಲ್ಲ. ತಂತಿಗಳ ಸಂಖ್ಯೆಯನ್ನು ಹತ್ತೊಂಬತ್ತಕ್ಕೆ ಏರಿಸಿದ ಇನ್ನೊಂದು ಪಿಟೀಲನ್ನೂ ಮಾಡಿಸಿ ನೋಡಿದರು. ಅದು ಕಚೇರಿಯಲ್ಲಿ ನೆಲೆ ನಿಲ್ಲಲಿಲ್ಲ. 1943ರಲ್ಲಿ ಸಿನಿಮಾಗೂ ಕೈ ಹಾಕಿದರು. ‘ವಾಣಿ’ ಅನ್ನುವ ಆ ಕನ್ನಡ ಚಿತ್ರವನ್ನು ನಿರ್ದೇಶಿಸಿದವರು ನಾಟಕದ ಕೆ. ಹಿರಣ್ಣಯ್ಯ, ಚೌಡಯ್ಯನವರು ನಿರ್ಮಾಪಕರು, ತೆರೆಯ ಮೇಲೂ ಬಂದರು. ಚೆಂಬೈ ಅವರನ್ನೂ ಕ್ಯಾಮೆರಾ ಮುಂದೆ ಕೂರಿಸಿದರು. ಪಂಡರೀಬಾಯಿ ಚಿತ್ರರಂಗಕ್ಕೆ ಕಾಲಿಟ್ಟದ್ದು ಇದೇ ಚಿತ್ರದಿಂದ. ಮುಂದೆ ಕನ್ನಡ ಚಿತ್ರಗಳ ಅಮ್ಮನೆಂದೇ ಹೆಸರಾದ ನಟಿಗೆ ಮೊದಲ ಬಾಗಿಲು ತೆರೆದವರು ಒಬ್ಬ ಪಿಟೀಲು ವಿದ್ವಾಂಸರು.

ಇದೇ ಹೊತ್ತಿನಲ್ಲಿ ಮೈಸೂರಿನಲ್ಲಿ ಪಿಟೀಲಿನ ಇನ್ನೊಂದು ಲೋಕವೂ ಇತ್ತು. ನಾವು ಅದನ್ನು ಬೇಗ ಮರೆತುಬಿಡುತ್ತೇವೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಸ್ವತಃ ಪಿಟೀಲು ನುಡಿಸಬಲ್ಲವರು. ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯವೃಂದವಿತ್ತು, ಅದನ್ನು ನಡೆಸಲು ಆಟೋ ಸ್ಮಿತ್ ಎಂಬುವರು ಇದ್ದರು. ಸಂಸ್ಥಾನದ ಹೆಸರಾಂತ ತಂಬುಚೆಟ್ಟಿ ಮನೆತನದ ಫಿಲೋಮಿನಾ ತಂಬುಚೆಟ್ಟಿ ಪ್ಯಾರಿಸ್ಸಿಗೆ ಹೋಗಿ ಪಾಶ್ಚಾತ್ಯ ಪಿಟೀಲನ್ನು ಅಭ್ಯಾಸ ಮಾಡಿದರು. ಜಯಚಾಮರಾಜ ಒಡೆಯರ್ ಪಿಯಾನೋ ಕಲಿತು 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಪದವಿ ಪಡೆದರು. ಲಂಡನ್ನಿನಲ್ಲಿ ಬಡತನ ಮತ್ತು ಕಾಯಿಲೆಯಲ್ಲಿದ್ದ ರಷ್ಯನ್ ಸಂಗೀತಕಾರ ಮೆಟ್ನರ್ ಅವರ ಕೃತಿಗಳನ್ನು ಧ್ವನಿಮುದ್ರಿಸಲು 1948ರಲ್ಲಿ ದುಡ್ಡು ಕೊಟ್ಟರು. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕಾನ್ಸರ್ಟೋವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ್ದಾರೆ. ಅದೇ ಮಹಾರಾಜರು ‘ಶ್ರೀವಿದ್ಯಾ’ ಅಂಕಿತದಲ್ಲಿ ಸಂಸ್ಕೃತದಲ್ಲಿ ತೊಂಬತ್ತಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದರು. ಎರಡು ಸಂಗೀತಗಳನ್ನು ಕಲಬೆರಕೆ ಮಾಡದೆ ಎರಡನ್ನೂ ಮನೆಯೊಳಗೆ ಇಟ್ಟುಕೊಳ್ಳುವುದು ಮೈಸೂರಿಗೆ ಗೊತ್ತಿತ್ತು. ಪಾಪಕುರಾದ ಕನ್ನಡ ಮನೆಗಳಿಗೆ ಈ ಮಾತು ಬೇಕಾಗುತ್ತದೆ, ಅದಕ್ಕೆ ಮುಂದೆ ಬರುತ್ತೇನೆ.

ಮೊದಲು ಚೌಡಯ್ಯ ಮೇಷ್ಟ್ರ ವಿಷಯ. ಮೈಸೂರಿನಲ್ಲಿ ಅವರು ಅಯ್ಯನಾರ್ ಕಾಲೇಜ್ ಆಫ್ ಮ್ಯೂಸಿಕ್ ನಡೆಸಿದರು. ಕಾಲೇಜು ಅನ್ನುವ ಹೆಸರಿದ್ದರೂ ಒಳಗಿನ ನಡವಳಿಕೆ ಗುರುಕುಲದ್ದು. ಕೃಷ್ಣಪ್ಪನವರಿಂದ ತಾವು ಪಡೆದದ್ದನ್ನು ಅಲ್ಲಿ ಕೊಟ್ಟರು. ಅವರ ಶಿಷ್ಯರ ಪಟ್ಟಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಹೆಚ್ಚಿನವರು ಗಟ್ಟಿ ಪಕ್ಕವಾದ್ಯಗಾರರು. ವಿ. ಸೇತುರಾಮಯ್ಯ, ಹೆಚ್.ಆರ್. ಸೀತಾರಾಮಶಾಸ್ತ್ರಿ, ರುದ್ರಪಟ್ಟಣದ ಆರ್.ಕೆ. ವೆಂಕಟರಾಮಶಾಸ್ತ್ರಿ. ರುದ್ರಪಟ್ಟಣ ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿ ದಂಡೆಯ ಸಣ್ಣ ಊರು. ಮನೆಮನೆಗೂ ಒಬ್ಬ ವಿದ್ವಾಂಸ ಅನ್ನುವ ಮಾತು ಅಲ್ಲಿಗೆ ಅತಿಶಯವಲ್ಲ. ವೆಂಕಟರಾಮಶಾಸ್ತ್ರಿಗಳ ತಮ್ಮ ಆರ್.ಕೆ. ಶ್ರೀಕಂಠನ್, ತೊಂಬತ್ತು ದಾಟಿದ ಮೇಲೂ ಶ್ರುತಿ ಬಿಡದೆ ಹಾಡಿದವರು. ಅಣ್ಣನ ಪಿಟೀಲು, ತಮ್ಮನ ಗಾಯನ.

ಇನ್ನೊಬ್ಬರು ಕಂಡದೇವಿ ಅಳಗಿರಿಸ್ವಾಮಿ. ತಮಿಳುನಾಡಿನಿಂದ ಮೈಸೂರಿಗೆ ಬಂದು ಚೌಡಯ್ಯನವರ ಹತ್ತಿರ ಕಲಿತವರು. ಎಂ.ಎಸ್. ಸುಬ್ಬುಲಕ್ಷ್ಮಿಯವರ ಕಚೇರಿಗಳಲ್ಲಿ ಪಕ್ಕದಲ್ಲಿ ಪಿಟೀಲು ಹಿಡಿದು ಎಷ್ಟೋ ವರ್ಷ ಕೂತವರು ಅವರೇ. ಎಂ.ಎಸ್. ಅವರ ಧ್ವನಿಮುದ್ರಿಕೆ ಹಾಕಿ ಸುಪ್ರಭಾತದ ಹೊತ್ತು ಕಾಫಿ ಕುಡಿಯುವ ಮನೆಗಳು ಪಾಪಕುರಾದಲ್ಲೂ ಇವೆ. ಅವರ ಯಾವುದಾದರೂ ಕಚೇರಿಯ ಮುದ್ರಿಕೆ ಸಿಕ್ಕಿ, ಪಿಟೀಲು ಕಂಡದೇವಿಯವರದ್ದೆಂದು ಗೊತ್ತಾದರೆ, ಒಂದು ಸಲ ಗಾಯನವನ್ನು ಬದಿಗಿಟ್ಟು ಪಿಟೀಲನ್ನೇ ಕೇಳಿ ನೋಡಬೇಕು. ಎಂ.ಎಸ್. ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಪಿಟೀಲು ಎಳೆ ಕಡಿಯದ ಹಾಗೆ ಹಿಡಿದಿರುತ್ತದೆ. ಹಾಡು ಮತ್ತೆ ಹೊರಟ ಕೂಡಲೇ ದನಿ ತಗ್ಗಿಸಿ ಕೆಳಗೆ ಸರಿಯುತ್ತದೆ. ಚೌಡಯ್ಯನವರ ಪಾಠ ಎಲ್ಲಿಗೆ ಬಂದು ಮುಟ್ಟಿತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ಏಳು ತಂತಿ ಏನಾಯಿತು? ಮೈಕು ಬಂತು. ವೇದಿಕೆಯ ಮೇಲೆ ಒಂದು ಮೈಕು ಪಿಟೀಲಿನ ಮುಂದೆ ನಿಂತ ಕ್ಷಣ ಜೊತೆ ತಂತಿಗಳ ಅಗತ್ಯ ಅರ್ಧ ಕಡಿಮೆಯಾಯಿತು. ಗುಂಡಿ ತಿರುಗಿಸಿದರೆ ಆಗುವ ಕೆಲಸಕ್ಕೆ ಮೂರು ತಂತಿಯ ಶ್ರುತಿ ಜಗಳ ಯಾರಿಗೆ ಬೇಕು? ಶಿಷ್ಯರ ಶಿಷ್ಯರು ನಾಲ್ಕು ತಂತಿಗೆ ಮರಳಿದರು. ಬಿಡದೆ ಹಿಡಿದುಕೊಂಡವರಲ್ಲಿ ದೊಡ್ಡ ಹೆಸರು ಆರ್.ಆರ್. ಕೇಶವಮೂರ್ತಿಯವರದು. ಅವರೂ ರುದ್ರಪಟ್ಟಣದವರು, ಬಿಡಾರಂ ಕೃಷ್ಣಪ್ಪನವರಲ್ಲೂ ಕಲಿತವರು, ಸಂಗೀತಶಾಸ್ತ್ರದ ಪುಸ್ತಕಗಳನ್ನು ಬರೆದವರು. ತೊಂಬತ್ತು ದಾಟಿ ಬದುಕಿ 2006ರಲ್ಲಿ ತೀರಿಕೊಂಡರು. ಸ್ವತಃ ಏಳು ತಂತಿ ನುಡಿಸಿದರೂ ಶಿಷ್ಯರ ಮೇಲೆ ಅದನ್ನು ಹೇರಲಿಲ್ಲ ಅನ್ನುವುದು ಅವರ ಶಿಷ್ಯರನ್ನು ಕೇಳಿದರೆ ತಿಳಿಯುತ್ತದೆ: ಆನೂರು ರಾಮಕೃಷ್ಣ ಬೆಂಗಳೂರಿನ ಪಕ್ಕವಾದ್ಯ ಪರಂಪರೆಯನ್ನು ಬೆಳೆಸಿದರು, ಜ್ಯೋತ್ಸ್ನಾ ಶ್ರೀಕಾಂತ್ ಲಂಡನ್ನಿಗೆ ಹೋಗಿ ಕರ್ನಾಟಕ ಪಿಟೀಲನ್ನು ಯುರೋಪಿನ ವೇದಿಕೆಗಳಿಗೆ ಒಯ್ದರು. ಈಗ ಐದು, ಆರು ತಂತಿಯ ಎಲೆಕ್ಟ್ರಿಕ್ ಪಿಟೀಲುಗಳೂ ಬಂದಿವೆ. ಅವು ಸ್ವರದ ವ್ಯಾಪ್ತಿಗೆ ಬಂದವು, ಗಟ್ಟಿತನಕ್ಕಲ್ಲ. ಚೌಡಯ್ಯನವರ ಕಷ್ಟ ಅವಕ್ಕಿಲ್ಲ.

ಮೈಕಿನಿಂದ ಇನ್ನೊಂದು ಹಾನಿಯೂ ಆಯಿತು ಅನ್ನುವುದು ಈ ಲೇಖಕನ ಅಭಿಪ್ರಾಯ. ಎಲ್ಲರ ಮುಂದೂ ಒಂದೊಂದು ಮೈಕು ಬಂದ ಮೇಲೆ ಕಲಾವಿದರು ಒಬ್ಬರನ್ನೊಬ್ಬರು ನೇರವಾಗಿ ಕೇಳುವುದು ಬಿಟ್ಟು ಮಾನಿಟರಿಗೆ ಕಿವಿ ಕೊಡತೊಡಗಿದರು. ಕಚೇರಿಯ ಮೊದಲ ಹತ್ತು ನಿಮಿಷ ಸೌಂಡಿನವನ ಕಡೆ ಕೈಸನ್ನೆ ಮಾಡುವುದರಲ್ಲೇ ಹೋಗುತ್ತದೆ. ಕೋಣೆಯ ಸಂಗೀತ ಹಾಲಿಗೆ ಬಂದಾಗ ಚೌಡಯ್ಯನವರು ವಾದ್ಯವನ್ನು ಬದಲಾಯಿಸಿದರು. ಮೈಕು ಬಂದಾಗ ಕೇಳುವ ಅಭ್ಯಾಸವೇ ಬದಲಾಯಿತು.

ಚೌಡಯ್ಯನವರು ತೀರಿಕೊಂಡದ್ದು 1967ರ ಜನವರಿ 19ರಂದು. ಅದಕ್ಕೆ ಎರಡು ವರ್ಷ ಮೊದಲು, 1965ರಲ್ಲಿ, ಪ್ರಪಂಚದ ಈ ತುದಿಯಲ್ಲಿ ಒಂದು ಸ್ಪರ್ಧೆ ಶುರುವಾಗಿತ್ತು. ನ್ಯೂಜಿಲೆಂಡಿನ ಪ್ರೌಢಶಾಲಾ ವಿದ್ಯಾರ್ಥಿಗಳ ಚೇಂಬರ್ ಮ್ಯೂಸಿಕ್ ಸ್ಪರ್ಧೆ. ಅದನ್ನು ನಡೆಸುವ ಚೇಂಬರ್ ಮ್ಯೂಸಿಕ್ ನ್ಯೂಜಿಲೆಂಡ್ ಸಂಸ್ಥೆಯ ಬೇರು 1950ರದ್ದು. ಸಣ್ಣ ದೇಶ, ದೂರದ ದೇಶ; ಆದರೂ ಪಿಟೀಲಿಗೆ ಇಲ್ಲಿ ಒಳ್ಳೆಯ ನೆಲ. 1946ರಲ್ಲಿ ರಾಷ್ಟ್ರೀಯ ಆರ್ಕೆಸ್ಟ್ರಾ ಕಟ್ಟಿದಾಗ ಪಿಟೀಲುಗಳ ಮೊದಲ ಕುರ್ಚಿಯಲ್ಲಿ ಕೂತ ವಿನ್ಸೆಂಟ್ ಆಸ್ಪಿ ಬೆಳೆದದ್ದು ಹಂಟ್ಲಿಯಲ್ಲಿ, ಅಂದರೆ ಪಾಪಕುರಾದಿಂದ ದಕ್ಷಿಣಕ್ಕೆ ಇದೇ ರೈಲು ಹಳಿಯ ಮೇಲಿರುವ ಕಲ್ಲಿದ್ದಲಿನ ಊರಿನಲ್ಲಿ. 1987ರಲ್ಲಿ ನ್ಯೂಜಿಲೆಂಡ್ ಸ್ಟ್ರಿಂಗ್ ಕ್ವಾರ್ಟೆಟ್ ಹುಟ್ಟಿತು. 2001ರಿಂದ ಮೈಕಲ್ ಹಿಲ್ ಅಂತಾರಾಷ್ಟ್ರೀಯ ಪಿಟೀಲು ಸ್ಪರ್ಧೆ ಕ್ವೀನ್ಸ್‌ಟೌನ್ ಮತ್ತು ಆಕ್ಲೆಂಡಿನಲ್ಲಿ ನಡೆಯುತ್ತಾ ಬಂದಿದೆ.

ಆಕ್ಲೆಂಡಿನ ಈ ದಕ್ಷಿಣ ಭಾಗದ ಕನ್ನಡ ಮನೆಯ ಮಗು ಪಿಟೀಲು ಕಲಿಯುತ್ತದೆ ಅಂದರೆ ಸಾಮಾನ್ಯವಾಗಿ ಎರಡು ಕಡೆ ಕಲಿಯುತ್ತದೆ. ವಾರದ ದಿನ ಶಾಲೆಯಲ್ಲಿ ವಾದ್ಯವನ್ನು ಗಲ್ಲದ ಕೆಳಗೆ ಇಟ್ಟುಕೊಂಡು, ಮುಂದಿನ ಸ್ಟ್ಯಾಂಡಿನಲ್ಲಿ ಸಂಗೀತದ ಹಾಳೆ ನೋಡಿಕೊಂಡು. ಶನಿವಾರವೋ ಭಾನುವಾರವೋ ಮನೆಯ ಹಾಲಿನಲ್ಲಿ ಜಮಖಾನ ಹಾಸಿ, ಬಿರಡೆ ತಿರುಗಿಸಿ ಸ–ಪ–ಸ–ಪಕ್ಕೆ ಇಳಿಸಿ, ಮುಂದೆ ಟ್ಯಾಬ್ ನಿಲ್ಲಿಸಿಕೊಂಡು, ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಮೇಷ್ಟ್ರ ಹತ್ತಿರ. ಅಲ್ಲಿ ಬೆಳಿಗ್ಗೆ ಏಳು ಗಂಟೆಯಾದರೆ ಇಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನ ಒಂದೂವರೆ, ಬೇಸಿಗೆಯಲ್ಲಿ ಎರಡೂವರೆ. ವರ್ಷಕ್ಕೆ ಎರಡು ಸಲ ಗಡಿಯಾರ ಬದಲಾದಾಗ ಒಂದು ಕ್ಲಾಸ್ ತಪ್ಪುವುದು, ಮೇಷ್ಟ್ರು ಕಾದು ಕೂತು ಬೇಸರ ಮಾಡಿಕೊಳ್ಳುವುದು ಹೊಸದಲ್ಲ. ಜೂನ್ ಜುಲೈ ಮಳೆಯಲ್ಲಿ ಬಿರಡೆ ಊದಿಕೊಂಡು ತಿರುಗುವುದೇ ಇಲ್ಲ. ಹೀಟ್ ಪಂಪ್ ಹಾಕಿದ ಕೋಣೆಯಲ್ಲಿ ಒಣಗಿ ಸರ್ರನೆ ಜಾರಿ ತಂತಿ ಸಡಿಲವಾಗುತ್ತದೆ.

ಇವೆಲ್ಲ ಸಣ್ಣ ತೊಂದರೆಗಳು. ದೊಡ್ಡ ತೊಂದರೆ ಬೆಳಕಿನ ವೇಗದ್ದು. ಬೆಂಗಳೂರಿಗೂ ಆಕ್ಲೆಂಡಿಗೂ ನೇರ ಗೆರೆ ಎಳೆದರೂ 11,000 ಕಿ.ಮೀ.ಗೆ ಮೇಲಿದೆ. ಕೇಬಲ್ಲಿನ ಗಾಜಿನ ಎಳೆಯಲ್ಲಿ ಬೆಳಕು ಓಡುವುದು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಅಂದರೆ ಮೇಷ್ಟ್ರ ಸ್ವರ ಇಲ್ಲಿಗೆ ಬಂದು ಮಗುವಿನ ಸ್ವರ ಅಲ್ಲಿಗೆ ಮುಟ್ಟಲು, ಮಧ್ಯದ ಕಂಪ್ಯೂಟರುಗಳ ತಡ ಸೇರಿಸದೆಯೇ, ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಬೇಕು. ಮಧ್ಯಮಕಾಲದ ಕೀರ್ತನೆಯಲ್ಲಿ ಅಷ್ಟು ಹೊತ್ತಿಗೆ ಅರ್ಧ ಮಾತ್ರೆ ಕಳೆದುಹೋಗಿರುತ್ತದೆ. ಎಂಥ ದುಬಾರಿ ಇಂಟರ್ನೆಟ್ ಹಾಕಿಸಿದರೂ ಈ ತಡ ಹೋಗುವುದಿಲ್ಲ. ಹಾಗಾಗಿ ಆನ್‌ಲೈನಿನಲ್ಲಿ ಸರಳೆ, ಜಂಟಿ, ಅಲಂಕಾರ, ಗೀತೆ, ವರ್ಣ ಎಲ್ಲವನ್ನೂ ಕಲಿಯಬಹುದು. ಮೇಷ್ಟ್ರು ನುಡಿಸುತ್ತಾರೆ, ನಿಲ್ಲಿಸುತ್ತಾರೆ, ಮಗು ನುಡಿಸುತ್ತದೆ. ಒಟ್ಟಿಗೆ ನುಡಿಸುವುದು ಮಾತ್ರ ಆಗದು. ಗಾಯಕನ ವಾಕ್ಯದ ತುದಿಯನ್ನು ಅರೆಕ್ಷಣದೊಳಗೆ ಹಿಡಿಯುವ ವಿದ್ಯೆ, ಅಂದರೆ ಚೌಡಯ್ಯನವರ ಇಡೀ ಜೀವಮಾನದ ವಿದ್ಯೆ, ಆ ತಂತಿಯೊಳಗೆ ಹಾದು ಬರುವುದಿಲ್ಲ.

ಪರೀಕ್ಷೆಗಳೂ ಅದಕ್ಕೆ ಒತ್ತಾಸೆ ಕೊಡುವುದಿಲ್ಲ. ಜೂನಿಯರ್, ಸೀನಿಯರ್, ವಿದ್ವತ್ ಎಂದು ಮೆಟ್ಟಿಲು ಹತ್ತುವ ಮಗು ಪರೀಕ್ಷಕರ ಮುಂದೆ ಮುಖ್ಯವಾಗಿ ಒಂಟಿಯಾಗಿ ನುಡಿಸಿ ಅಂಕ ಪಡೆಯುತ್ತದೆ. ಹತ್ತು ವರ್ಷ ಕಲಿತ ಹುಡುಗಿ ಸೊಗಸಾಗಿ ವರ್ಣ ನುಡಿಸುತ್ತಾಳೆ. ಪಕ್ಕದ ಮನೆಯ ಹುಡುಗ ಒಂದು ದೇವರನಾಮ ಹಾಡಿದರೆ ಜೊತೆಗೆ ಹೇಗೆ ಹೋಗಬೇಕೆಂದು ತಿಳಿಯದೆ ಕಮಾನು ಕೆಳಗಿಡುತ್ತಾಳೆ. ಇದನ್ನು ಈ ಊರಿನ ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ನೋಡಬಹುದು. ವಿಚಿತ್ರವೆಂದರೆ ಅದೇ ಹುಡುಗಿಗೆ ಜೊತೆ ನುಡಿಸುವ ಅಭ್ಯಾಸ ಇನ್ನೊಂದು ಕಡೆ ಸಿಗುತ್ತಿರುತ್ತದೆ. ಶಾಲೆಯ ಕ್ವಾರ್ಟೆಟ್‌ನಲ್ಲಿ ನಾಲ್ಕು ಮಕ್ಕಳು ಅರ್ಧಚಂದ್ರಾಕಾರವಾಗಿ ಕೂತು, ಕಂಡಕ್ಟರ್ ಇಲ್ಲದೆ, ಮೊದಲ ಪಿಟೀಲಿನವಳು ಉಸಿರೆಳೆದುಕೊಳ್ಳುವುದನ್ನು ನೋಡಿ ಒಟ್ಟಿಗೆ ಶುರುಮಾಡುತ್ತಾರೆ. ಎರಡನೇ ಪಿಟೀಲಿನವರು ತಮ್ಮ ದನಿಯನ್ನು ಎಷ್ಟು ತಗ್ಗಿಸಬೇಕೆಂದು ಅಲ್ಲಿ ಕಲಿಯುತ್ತಾರೆ. ಶಾಲೆಯ ಅಭ್ಯಾಸದಿಂದ ಕರ್ನಾಟಕ ಪಿಟೀಲು ಕೆಡುತ್ತದೆ ಅಂತ ಅದನ್ನು ಬಿಡಿಸುವ ಪೋಷಕರು ಮೈಸೂರಿನ ಅರಮನೆಯನ್ನು ನೆನಪಿಸಿಕೊಳ್ಳಬೇಕು. ಹಿಡಿತ ಬೇರೆ, ಶ್ರುತಿ ಬೇರೆ, ಗಮಕ ಇಲ್ಲ, ನಿಜ. ಕಿವಿ ಒಂದೇ.

ಆದ್ದರಿಂದ ಈ ದತ್ತಿಯ ಹೆಸರಿನಲ್ಲಿ ಏನಾದರೂ ಮಾಡಬೇಕೆಂದಿರುವವರಿಗೆ ಒಂದು ಸಲಹೆ. ದೊಡ್ಡ ಹಾಲು ಬಾಡಿಗೆಗೆ ಹಿಡಿದು, ಭಾರತದಿಂದ ವಿದ್ವಾಂಸರನ್ನು ಕರೆಸುವ ಕೆಲಸ ನಡೆಯಲಿ, ಅದು ಬೇಕು. ಅದರ ಜೊತೆಗೆ ತಿಂಗಳಿಗೊಮ್ಮೆ ಒಂದು ಮನೆಯ ಹಾಲಿನಲ್ಲಿ ಮೂರು ಮಕ್ಕಳನ್ನು ಕೂರಿಸಿ: ಒಬ್ಬರು ಹಾಡಲಿ, ಒಬ್ಬರು ಪಿಟೀಲು, ಒಬ್ಬರು ಮೃದಂಗ. ಮೈಕು ಬೇಡ, ಕರೋಕೆ ಬೇಡ, ತಂಬೂರಿಗೆ ಬೇಕಾದರೆ ಫೋನಿನ ಆ್ಯಪ್ ಸಾಕು. ಗೀತೆಯಿಂದಲೇ ಶುರುವಾಗಲಿ, ವರ್ಣದವರೆಗೆ ಕಾಯುವುದು ಬೇಡ. ಹಾಡುವ ಮಗು ತಪ್ಪಿದರೆ ಪಿಟೀಲಿನ ಮಗು ನಿಲ್ಲಿಸದೆ ಜೊತೆಗೇ ಹೋಗಬೇಕು ಅನ್ನುವುದೊಂದೇ ನಿಯಮ. ಊರಿಗೆ ಬಂದ ವಿದ್ವಾಂಸರು ಯಾರಾದರೂ ಇದ್ದರೆ ಅವರ ಅರ್ಧ ದಿನವನ್ನು ಕಚೇರಿಗಿಂತ ಮೊದಲು ಇದಕ್ಕೆ ಕೇಳಿ ಪಡೆಯಬೇಕು. ಖರ್ಚಿನ ಬಾಬತ್ತಿನಲ್ಲಿ ಅದನ್ನು ಮೊದಲೇ ಬರೆದಿಟ್ಟರೆ ಸಂಕೋಚವಿಲ್ಲ. ಹತ್ತು ಮನೆಗಳು ಒಪ್ಪಿದರೆ ವರ್ಷ ಸಾಗುತ್ತದೆ, ಡಿಸೆಂಬರ್ ಜನವರಿ ಹೇಗೂ ಎಲ್ಲರೂ ಊರಿಗೆ ಹೊರಟಿರುತ್ತಾರೆ.